ನಂಬರಿಲ್ಲದ ಗಾಡಿಗೆ ಅಪ್ಪನ ನಂಬರು

ಮಾನ್ಯ ಪೊಲೀಸ್ ಅಧಿಕಾರಿಗಳೇ, ಕೂಡುರಸ್ತೆಯ ಹುಣಸೇಮರದ ನೆರಳಲ್ಲಿ ನಿಂತು ಕಾನೂನು ಕಾಯುವವರೇ,

ನನ್ನ ಎಲೆಕ್ಟ್ರಿಕ್ ಸ್ಕೂಟರು ನಿಮ್ಮ ಠಾಣೆಯ ಹಿತ್ತಲಿನಲ್ಲಿ, ಮರಳು ಸಾಗಿಸಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನ ಪಕ್ಕದಲ್ಲಿ, ಮೂವತ್ತೆಂಟು ದಿನಗಳಿಂದ ಮಳೆಯಲ್ಲಿ ನೆನೆಯುತ್ತಾ ನಿಂತಿದೆ. ನಕಲಿ ನಂಬರ್ ಪ್ಲೇಟ್ ಹಾಕಿಕೊಂಡು ಓಡಿಸಿದಳೆಂಬುದು ನನ್ನ ಮೇಲಿನ ಆರೋಪ. ಆರೋಪ ನಿಜ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಿಮ್ಮ ಠಾಣೆಯ ರೈಟರಿಗೆ ಶ್ರಮ ಬೇಡ. ಆದರೆ ಆ ಪ್ಲೇಟು ನನ್ನ ಗಾಡಿಗೆ ಹೇಗೆ ಬಂತೆಂದು ನೀವು ಕೇಳಲೇ ಇಲ್ಲ. ನಾನಾಗಿ ಹೇಳಲು ಹೊರಟರೆ "ಕೋರ್ಟಲ್ಲಿ ಹೇಳ್ಕೊಳ್ಳಿ" ಎಂದಿರಿ. ಕೋರ್ಟಿನ ತಾರೀಖು ದೀಪಾವಳಿ ಕಳೆದ ಮೇಲಿದೆ. ಅಲ್ಲಿಯವರೆಗೆ ಕಾಯಲು ನನಗೆ ಪುರುಸೊತ್ತಿಲ್ಲ, ಆದ್ದರಿಂದ ಊರೆಲ್ಲ ಓದಲೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಏಕೋಪಾಧ್ಯಾಯ ಶಾಲೆಯ ಉಪಾಧ್ಯಾಯಿನಿ. ಅಂದರೆ ಗಂಟೆ ಹೊಡೆಯುವವಳೂ ನಾನೇ, ಪಾಠ ಹೇಳುವವಳೂ ನಾನೇ, ಬೀಗದ ಕೈ ಇರುವುದೂ ನನ್ನ ಬಳಿಯೇ. ಮನೆ ಪಿರಿಯಾಪಟ್ಟಣದ ಕಡೆ, ಶಾಲೆ ಹುಣಸೂರು ಗಡಿ ದಾಟಿ ಕಾಡಿನ ದಿಕ್ಕಿಗೆ. ನಡುವೆ ಹದಿಮೂರು ಕಿಲೋಮೀಟರು. ಬಸ್ಸು ಕೂಡುರಸ್ತೆಯವರೆಗೆ ಬಂದು, ಮುಂದಿನ ಆರು ಕಿಲೋಮೀಟರು ನಿಮಗೆ ಬಿಟ್ಟದ್ದು ಎಂಬಂತೆ ತಿರುಗಿ ಹೋಗುತ್ತದೆ. ಎರಡು ಕಾಲೂ ನೆಟ್ಟಗಿರುವವರು ಒಂದೂಕಾಲು ಗಂಟೆಯಲ್ಲಿ ನಡೆದಾರು. ನನ್ನ ಬಲಗಾಲನ್ನು ಮೂರನೆಯ ವಯಸ್ಸಿನಲ್ಲಿ ಪೋಲಿಯೋ ತಿಂದಿದೆ. ನನಗೆ ಎರಡು ಗಂಟೆಗೂ ಮೇಲೆ ಬೇಕು.

ಹಾಗಾಗಿ ಗಾಡಿ ಬೇಕೆನಿಸಿತು. ಮೊದಲು ಲೈಸೆನ್ಸಿಗೆ ಹೋದೆ. ಅಲ್ಲಿದ್ದವರು ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂರಿಸಿ, ಅದಕ್ಕೆ ಅನುಮತಿ ತಂದು, ವೈದ್ಯರ ಸರ್ಟಿಫಿಕೇಟು ಲಗತ್ತಿಸಿ ಬನ್ನಿ ಎಂದರು. ಸರ್ಟಿಫಿಕೇಟು, ಅನುಮತಿಯ ಅರ್ಜಿ ಹಿಡಿದು ಮೂರು ಸಲ ಹೋದೆ. ಮೂರು ಸಲವೂ ಸಂಬಂಧಪಟ್ಟ ಸಾಹೇಬರು ಸಂಬಂಧಪಡದ ಊರಿಗೆ ಹೋಗಿದ್ದರು. ಆಗ ಬೈಲಕುಪ್ಪೆಯಲ್ಲಿ ಸ್ವೆಟರ್ ಮಾರುವ ಟಿಬೆಟಿನವರೊಬ್ಬರು ಕರೆಂಟಿನ ಸ್ಕೂಟರಿನಲ್ಲಿ ಸದ್ದಿಲ್ಲದೆ ಹೋಗುವುದನ್ನು ಕಂಡೆ. "ಇದಕ್ಕೆ ಲೈಸೆನ್ಸ್ ಬೇಡ ಮೇಡಂ, ನಿಧಾನದ್ದು ತಗೊಳ್ಳಿ" ಎಂದರು.

ಮೇಷ್ಟರ ಬುದ್ಧಿ, ಸುಮ್ಮನೆ ನಂಬುವುದಿಲ್ಲವಲ್ಲ? ನಿಯಮ ತರಿಸಿ ಓದಿದೆ. ಮೋಟಾರು ಇನ್ನೂರೈವತ್ತು ವ್ಯಾಟ್ ಮೀರದೆ, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರು ದಾಟದೆ, ತೂಕವೂ ಮಿತಿಯಲ್ಲಿದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಈ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಸಂಕ್ರಾಂತಿ ಕಳೆದ ವಾರ, ಮೈಸೂರಿನ ಅಂಗಡಿಗೆ ಹೋದೆ. ಹುಡುಗ ಕೆಂಪು ಬಣ್ಣದ್ದೊಂದನ್ನು ತೋರಿಸಿ, ಇದು ನಲವತ್ತೈದರ ವೇಗದಲ್ಲಿ ಹಾರುತ್ತದೆ ಮೇಡಂ, ನೋಂದಣಿ ನಾವೇ ಮಾಡಿಸುತ್ತೇವೆ ಎಂದ. ನನಗೂ ಆಸೆಯಾಯಿತು, ಸುಳ್ಳೇಕೆ? ಆದರೂ ಬೂದಿ ಬಣ್ಣದ, ಏರು ಬಂದರೆ ಏದುಸಿರು ಬಿಡುವ, ಸೈಕಲ್ಲಿನವರೂ ಹಿಂದಿಕ್ಕುವ ಗಾಡಿಯನ್ನೇ ಆರಿಸಿದೆ. ಯಾಕೆಂದರೆ ಅದು ಕಾನೂನಿಗೆ ಸರಿಯಾಗಿತ್ತು. ನಿಮ್ಮ ಸರಹದ್ದಿನಲ್ಲಿ ಕಾನೂನು ಓದಿ ಗಾಡಿ ಕೊಂಡವಳು ನಾನೊಬ್ಬಳೇ ಇರಬೇಕು, ಅದಕ್ಕೆ ತಕ್ಕ ಶಾಸ್ತಿಯೂ ಆಗಿದೆ.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಯಾರೆಂದು ಫೆಬ್ರವರಿಯಲ್ಲಿ ಗೊತ್ತಾಯಿತು. ಮಾರ್ಚ್ ಮುಗಿಯುವುದರೊಳಗೆ ನಿಮ್ಮವರು ನನ್ನನ್ನು ಹನ್ನೊಂದು ಸಲ ತಡೆದರು. ನಿಯಮದ ಪ್ರತಿಯನ್ನೂ ಕಂಪನಿಯ ಸರ್ಟಿಫಿಕೇಟನ್ನೂ ಲ್ಯಾಮಿನೇಷನ್ ಮಾಡಿಸಿ ಸೀಟಿನ ಕೆಳಗಿಟ್ಟಿದ್ದೆ. "ಇದು ಇಂಗ್ಲಿಷ್‌ನಲ್ಲೈತೆ, ಸಾಹೇಬ್ರು ಬರ್ಲಿ" ಎನ್ನುವರು. ಸಾಹೇಬರು ಬರುವವರೆಗೆ ನಾನು ಬಿಸಿಲಲ್ಲಿ, ಮಕ್ಕಳು ಶಾಲೆಯ ಜಗಲಿಯಲ್ಲಿ. ಒಮ್ಮೆ ನೀವೇ ಬಂದಿರಿ. ಕಾಗದ ಮುಟ್ಟದೆ ನಕ್ಕು, "ನಂಬರಿಲ್ದೆ ಗಾಡಿ ಹೆಂಗ್ರೀ ಇರ್ತದೆ? ಹುಟ್ಟಿದ್ ಮಗೀಗೂ ಒಂದು ಹೆಸ್ರಿಕ್ತಾರೆ" ಎಂದಿರಿ. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಅಳು ಬಂತು, ಅಳಲಿಲ್ಲ.

ಹನ್ನೊಂದನೆಯ ಸಲ ನಿಮ್ಮ ಪೇದೆಯೊಬ್ಬರು ನನ್ನನ್ನು ಬದಿಗೆ ಕರೆದರು. ಮೀಸೆ ನರೆತವರು, ಒಳ್ಳೆಯವರು, ಹೆಸರು ಹೇಳಿ ಅವರ ಅನ್ನಕ್ಕೆ ಕಲ್ಲು ಹಾಕಲಾರೆ. "ಅಲ್ಲ ಕಣಮ್ಮ, ಕಾಗ್ದ ಯಾರ್ ನೋಡ್ತಾರೆ? ಎಂತದಾದ್ರೂ ಒಂದು ನಂಬರ್ ತಗ್ಲಾಕ್ಬುಡಿ. ನಿಮ್ಗೂ ಕಾಟ ತಪ್ತದೆ, ನಮ್ಗೂ ತಪ್ತದೆ" ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ, ಗುರುಶಾಂತಮ್ಮ, ಎದ್ದು ದೇವರ ಗೂಡಿನ ಬಳಿ ಹೋಗಿ ಅಪ್ಪನ ಮೊಪೆಡ್ಡಿನ ಪ್ಲೇಟು ತಂದರು. ನಮ್ಮಪ್ಪ ನಂಜಣ್ಣ ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಸಂತೆ ಸಂತೆಗೆ ಬಟ್ಟೆ ಹೊತ್ತದ್ದು ಆ ಮೊಪೆಡ್ಡಿನಲ್ಲೇ. ಅವರು ತೀರಿಕೊಂಡ ಮೇಲೆ ಗಾಡಿ ಗುಜರಿಗೆ ಹೋಯಿತು, ಪ್ಲೇಟನ್ನು ಮಾತ್ರ ಅಮ್ಮ ಬಿಚ್ಚಿಟ್ಟುಕೊಂಡರು. ಪ್ರತಿ ಆಯುಧಪೂಜೆಗೂ ಕತ್ತರಿ, ಮೊಳಕೋಲಿನ ಜೊತೆ ಅದಕ್ಕೂ ವಿಭೂತಿ ಕುಂಕುಮ, ಅದಕ್ಕೂ ಹೂವು. "ಕಂಡೋರ ನಂಬರ್ ಯಾಕವ್ವಾ ಬೇಕು? ನಿಮ್ಮಪ್ಪಂದೇ ಐತಲ್ಲ. ಅವ್ರ ಆಶೀರ್ವಾದಾನೂ ಆಯ್ತದೆ" ಎಂದರು. ಅದು ತಪ್ಪೆಂದು ಅಮ್ಮನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ಆದರೂ ಬೇಸಿಗೆ ರಜೆ ಕಳೆದು ಶಾಲೆ ತೆರೆದ ಜೂನ್ ಒಂದರಂದು ಎರಡು ಸ್ಕ್ರೂ ಹಾಕಿ ಬಿಗಿದೆ.

ಈಗ ಸ್ವಲ್ಪ ಲಕ್ಷ್ಯವಿಟ್ಟು ಓದಬೇಕು. ಕರಿಯ ತಗಡು, ಬಿಳಿಯ ಅಕ್ಷರ, ಮೂಲೆಯಲ್ಲಿ ಕುಂಕುಮದ ಕಲೆ. ಆ ಬಗೆಯ ಪ್ಲೇಟುಗಳು ರಸ್ತೆಯಿಂದ ಮಾಯವಾಗಿ ವರ್ಷಗಳಾದವು, ಕುರುಡನಿಗೂ ಹಳೆಯದೆಂದು ತಿಳಿದೀತು. ಜೂನ್ ಇಡೀ ಯಾರೂ ತಡೆಯಲಿಲ್ಲ. ಜುಲೈಯಲ್ಲೂ ತಡೆಯಲಿಲ್ಲ. ಒಂದಿಬ್ಬರು ನಮಸ್ಕಾರ ಬೇರೆ ಮಾಡಿದರು. ಕಾನೂನಿನ ಪ್ರಕಾರ ಇದ್ದಾಗ ಹನ್ನೊಂದು ಸಲ ಕಳ್ಳಿಯಂತೆ ನಿಂತವಳು, ಕಾನೂನು ಮುರಿದ ದಿನದಿಂದ ಮರ್ಯಾದಸ್ಥಳಾದೆ. ಎರಡು ತಿಂಗಳು ಹತ್ತು ಗಂಟೆಗೆ ಸರಿಯಾಗಿ ಶಾಲೆಯ ಬಾಗಿಲು ತೆರೆಯಿತು. ಇದನ್ನು ನಾನು ಮಕ್ಕಳಿಗೆ ಯಾವ ಪಾಠದಲ್ಲಿ ಸೇರಿಸಿ ಹೇಳಲಿ, ನೀವೇ ತಿಳಿಸಿ.

ಜುಲೈ ಕೊನೆಯ ದಿನ ತಿಂಗಳ ಕೇಸುಗಳು ಕಡಿಮೆ ಬಿದ್ದಿದ್ದವೋ ಏನೋ, ನೀವೇ ರಸ್ತೆಗಿಳಿದಿರಿ. ಪ್ಲೇಟು ನೋಡಿದಿರಿ, ಫೋನು ಮಾಡಿದಿರಿ, ಅದು ಮೊಪೆಡ್ಡಿನ ನಂಬರೆಂದು ಪತ್ತೆ ಹಚ್ಚಿದಿರಿ. ಅಷ್ಟು ಚುರುಕು ನನ್ನ ಕಾಗದ ಓದುವುದರಲ್ಲಿ ತೋರಿಸಿದ್ದರೆ? "ಟೀಚರಾಗಿ ಹಿಂಗ್ ಮಾಡ್ಬೋದಾ?" ಎಂದು ಕೇಳಿದಿರಿ. ಮಾಡಬಾರದು. ದಂಡ ಹಾಕಿ, ಕಟ್ಟುತ್ತೇನೆ. ಪ್ಲೇಟನ್ನು ಸಾಕ್ಷಿಗೆ ಇಟ್ಟುಕೊಳ್ಳಿ. ಗಾಡಿಯನ್ನೇಕೆ ಕಟ್ಟಿಹಾಕಿದ್ದೀರಿ? ಅದರ ಬ್ಯಾಟರಿಗೆ ಚಾರ್ಜು ಬೀಳದೆ ಹೀಗೇ ತಿಂಗಳುಗಟ್ಟಲೆ ಬಿಟ್ಟರೆ ಸತ್ತೇ ಹೋಗುತ್ತದೆ. ನಿಮ್ಮ ಗೋಡೆಯ ಪ್ಲಗ್ಗಿಗೆ ನಾಲ್ಕು ಗಂಟೆ ಚುಚ್ಚಲು ಬಿಡಿ, ಕರೆಂಟಿನ ಹಣ ಕೊಡುತ್ತೇನೆ ಎಂದು ಎರಡು ಸಲ ಬೇಡಿಕೊಂಡೆ. ಕೇಸಿನ ಮಾಲು, ಮುಟ್ಟುವಂತಿಲ್ಲ ಎಂದಿರಿ. ಮಳೆ ಮುಟ್ಟಬಹುದು, ಇಲಿ ಮುಟ್ಟಬಹುದು, ನಾನು ಮುಟ್ಟುವಂತಿಲ್ಲ.

ಈಗ ದಿನವೂ ಕೂಡುರಸ್ತೆಯಿಂದ ನಡೆಯುತ್ತೇನೆ. ಶಾಲೆ ತಲುಪುವಾಗ ಹನ್ನೊಂದೂವರೆ. ಇದು ಹೊಗೆಸೊಪ್ಪಿನ ಕಾಲ, ಸೊಪ್ಪು ಪೋಣಿಸಿ ಒಲೆಯ ಕಾವಿಗೆ ಒಣಗಿಸುವ ಬ್ಯಾರನ್ನುಗಳಿಗೆ ಎಷ್ಟು ಕೈ ಇದ್ದರೂ ಸಾಲದು, ಚಿಕ್ಕ ಕೈಯಾದರೆ ಇನ್ನೂ ಚುರುಕು. ಮುಚ್ಚಿದ ಬಾಗಿಲ ಮುಂದೆ ಮಕ್ಕಳು ಎಷ್ಟು ದಿನ ಕೂತಾರು? ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಉಳಿದಿದ್ದಾರೆ. ಐದನೆಯ ತರಗತಿಯ ರಾಣಿ ಎಂಬ ಹುಡುಗಿ, ಅವರ ಮನೆಯಲ್ಲಿ ಅಕ್ಷರ ಕಲಿತ ಮೊದಲನೆಯವಳು, ಎರಡು ವಾರದಿಂದ ಬಂದಿಲ್ಲ. ಕಳೆದ ಗುರುವಾರ ಹುಡುಕಿಕೊಂಡು ಬ್ಯಾರನ್ನಿಗೇ ಹೋದೆ. ಅವಳ ಅಪ್ಪ ಕರಿಯಯ್ಯ ಒಲೆಗೆ ಸೌದೆ ಒಟ್ಟುತ್ತಿದ್ದ. "ಏನ್ ಮಾಡಾನ ಟೀಚರಮ್ಮ, ನೀವು ಬಾಗ್ಲು ತೆಗ್ಯೋದು ಮಧ್ಯಾನ್ಕೆ. ಅಲ್ಲಿಗಂಟ ಬೀದಿ ಸುತ್ತೋ ಬದ್ಲು ಸೊಪ್ಪಾರ ಪೋಣುಸ್ಲಿ ಬುಡಿ" ಎಂದ. ರಾಣಿಯ ಎರಡೂ ಅಂಗೈ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ತಲೆಯೆತ್ತದೆ, "ನೀವು ಒತ್ತಾರೆ ಬರಂಗಿದ್ರೆ ಯೋಳಿ ಮಿಸ್, ನಾನೂ ಬತ್ತೀನಿ" ಎಂದಳು.

ನನ್ನ ಬೇಡಿಕೆ ದೊಡ್ಡದಲ್ಲ. ಇನ್ನೂರೈವತ್ತು ವ್ಯಾಟಿನ ಗಾಡಿ ನಿಮ್ಮ ಲೆಕ್ಕದಲ್ಲಿ ವಾಹನವೋ ಅಲ್ಲವೋ, ಬರೆದು ಕೊಡಿ. ವಾಹನವಾದರೆ ಅದಕ್ಕೊಂದು ನಂಬರು ಕೊಡಿಸಿ. ಅಲ್ಲವಾದರೆ ಬ್ಯಾಟರಿಯಲ್ಲಿ ಜೀವ ಇರುವಾಗಲೇ ಗಾಡಿ ಬಿಡಿ, ಮತ್ತೆ ತಡೆಯಬೇಡಿ ಎಂದು ನಿಮ್ಮವರಿಗೆ ಹೇಳಿ. ಎರಡೂ ಆಗದಿದ್ದರೆ ಒಂದು ದಿನ ನೀವೇ ಆ ಬ್ಯಾರನ್ನಿಗೆ ಹೋಗಿ, ಟೀಚರ್ ಯಾಕೆ ಹತ್ತು ಗಂಟೆಗೆ ಬರುತ್ತಿಲ್ಲವೆಂದು ರಾಣಿಗೆ ಹೇಳಿ ಬನ್ನಿ.

ಇಂತಿ,
ತಡವಾಗಿ ಬರುವ ಟೀಚರೆಂದು ಈಗ ಹೆಸರಾಗಿರುವ,
ನೀಲಾಂಬಿಕೆ