ಮೈಲಿಗಲ್ಲಿನಾಚೆಯ ಅವರೆ ಹೊಲ

ಏಪ್ರಿಲ್ ನಡುವಿನ ಐಡ್ಸ್ ದಿನಕ್ಕೆ ಮೂರು ದಿನ ಮೊದಲು

ಆ ನಗು ಕಿವಿಯಿಂದ ಹೋಗುತ್ತಿಲ್ಲ.

ನಿನ್ನೆ ರೋಮಿನ ಚೌಕದಲ್ಲಿ ಚಮ್ಮಾರ ವಿಬಿಯಸ್‌ನನ್ನು ಸೈನ್ಯಕ್ಕೆ ಎಳೆದೊಯ್ಯುತ್ತಿದ್ದ ಕಾನ್ಸಲ್‌ನನ್ನು ತಡೆದೆ. ಜನರ ಟ್ರಿಬ್ಯೂನ್ ನಾನು, ಮೊದಲ ಮೈಲಿಗಲ್ಲಿನೊಳಗೆ ಬೇಡವೆಂದರೆ ಮುಗಿಯಿತು. ಇವತ್ತು ಆ ಕಾನ್ಸಲ್ ತನ್ನ ಅಧಿಕಾರದ ದಂತದ ಕುರ್ಚಿ ಹೊರಿಸಿಕೊಂಡು ಹೋಗಿ, ಆ ಕಲ್ಲಿನಾಚೆ ವಿಬಿಯಸ್‌ನ ಅವರೆ ಹೊಲದಲ್ಲಿ ಕೂತು, ಗಿಡಗಳನ್ನೆಲ್ಲ ಕೀಳಿಸಿದ. ಓಡಿಹೋಗಿ ಬೇಡವೆಂದು ಕೂಗಿದೆ.

"ಕಲ್ಲು ದಾಟಿ ಬಂದಿದ್ದೀಯಲ್ಲಪ್ಪ, ಇಲ್ಲಿ ನೀನ್ಯಾರು?" ಎಂದು ನಕ್ಕ.

ನಾಚಿಕೆಗೆಟ್ಟವನು. ಕಾನೂನು ಮುರಿಯಲಿಲ್ಲ, ಒಂದು ಮೈಲಿ ನಡೆದ, ಅಷ್ಟೇ.

ಕತ್ತಲಾದ ಮೇಲೆ ವಿಬಿಯಸ್‌ನ ಹೆಂಡತಿ ಟುರಾನಿಯಾ ಕಿತ್ತ ಗಿಡವೊಂದನ್ನು ಹಿಡಿದು ಬಂದಳು.

"ಏನೂ ಕೇಳೋಕೆ ಬಂದಿಲ್ಲ ಸ್ವಾಮಿ. ನಿಮ್ಮನೆ ಬಾಗಿಲು ರಾತ್ರಿಯೆಲ್ಲ ತೆರೆದೇ ಇರತ್ತಂತಲ್ಲ, ಯಾತಕ್ಕೆ ಅಂತ ನೋಡೋಣ ಅಂತ ಬಂದೆ."

ಇನ್ನೂ ಹೊಸ್ತಿಲಲ್ಲೇ ಕೂತಿದ್ದಾಳೆ. ಬಾಗಿಲು ಹಾಕಿಬಿಡಲು ಎದ್ದೆ. ನೆರವು ಬೇಡಿ ಬರುವವರಿಗಾಗಿ ಟ್ರಿಬ್ಯೂನನ ಬಾಗಿಲು ಹಗಲೂ ರಾತ್ರಿಯೂ ಮುಚ್ಚುವಂತಿಲ್ಲ, ಅದು ಕಾನೂನು. ಆ ಅಧಿಕಾರವೂ ನನಗಿಲ್ಲ.