ಎರಡನೆಯ ಕೇಬಲ್

ಅಕ್ಟೋಬರ್ ೧೪, ಮಂಗಳವಾರ

ಮೊದಲನೆಯ ಕೇಬಲನ್ನು ಮತ್ತೆ ಸಿಕ್ಕಿಸಿದೆನೇ? ಊಟಕ್ಕೆ ಕೂತಾಗಿನಿಂದ ಇದೊಂದೇ ತಲೆ ತಿನ್ನುತ್ತಿದೆ.

ಆಸ್ಪತ್ರೆಯ ಐಸಿಯು ಮಾನಿಟರುಗಳ ಸಂದೇಶಗಳನ್ನು ಸಾಗಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಎರಡು ಕೇಬಲ್. ಒಂದು ದುಡಿಯುತ್ತದೆ. ಇನ್ನೊಂದನ್ನು ಸ್ವಿಚ್ಚೇ ತಡೆದು ಕೂರಿಸಿರುತ್ತದೆ. ಎರಡನ್ನೂ ಬಿಟ್ಟರೆ ಸಂದೇಶಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ ದಾರಿಯನ್ನೇ ಕಟ್ಟಿಬಿಡುತ್ತವೆ. ಮೊದಲನೆಯದು ಸತ್ತರೆ ಎರಡನೆಯದು ಏಳಬೇಕು. ಏಳುತ್ತದೆಯೇ ಎಂದು ನೋಡಲು ಸಂಜೆ ನಾನೇ ಮೊದಲನೆಯದನ್ನು ಕಿತ್ತೆ. ಅತ್ತಿಗೆ ಅಲ್ಲೇ ನರ್ಸ್. ರೋಗಿಗಳ ಎದೆಬಡಿತದ ಪರದೆ ನೋಡುತ್ತ ನನ್ನೊಂದಿಗೆ ಫೋನಿನಲ್ಲಿದ್ದರು.

"ಅಯ್ಯೋ, ಗೆರೆಗಳೆಲ್ಲಾ ನಿಂತೋದ್ವು ಕಣೋ!"

ಕಿತ್ತ ಕೇಬಲನ್ನು ಕೈಯಲ್ಲೇ ಹಿಡಿದು ಸ್ವಿಚ್ಚಿನ ದೀಪಗಳತ್ತ ಬಾಗಿದೆ.

"ಬಂತು, ಬಂತು! ಎಲ್ಲಾ ಓಡ್ತಿದೆ."

ಗೆದ್ದೆ ಎಂದು ಕುಣಿದುಕೊಂಡು ಸ್ವಿಚ್ಚಿನ ಕೋಣೆಗೆ ಬೀಗ ಹಾಕಿ ಮನೆಗೆ ಬಂದೆ. ಕೈಯಲ್ಲಿದ್ದ ಕೇಬಲನ್ನು ಏನು ಮಾಡಿದೆ? ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.

ಈಗಷ್ಟೇ ಫೋನ್ ಮಾಡಿದೆ.

"ಎಲ್ಲಾ ಚೆನ್ನಾಗೇ ಇದೆ, ಸುಮ್ನೆ ಮಲ್ಕೋ ಮಾರಾಯ," ಅಂದರು ಅತ್ತಿಗೆ.

ಚೆನ್ನಾಗಿರದೆ ಏನು? ಒಂದೇ ಕೇಬಲಿದ್ದರೂ ಪರದೆ ಹಾಗೇ ಓಡುತ್ತದೆ, ಎರಡಿದ್ದರೂ ಹಾಗೇ. ಆದರೆ ಆ ಒಂದೂ ಕೈಕೊಟ್ಟರೆ ಏಳಲು ಇನ್ನೊಂದಿಲ್ಲ. ಹೋಗಿ ನೋಡಿ ಅನ್ನೋಣವೆಂದರೆ ಆ ಕೋಣೆಯ ಬೀಗದ ಕೈ ಇಲ್ಲೇ, ಈ ಪುಟದ ಪಕ್ಕದಲ್ಲೇ ಬಿದ್ದಿದೆ.

ಚಪ್ಪಲಿ ಎಲ್ಲಿ ಬಿಟ್ಟೆ?