ಮೈಸೂರು ಪೇಟದ ಅಳತೆ

ಸೌತ್ ಸಿ, ನೈರೋಬಿ
೧೪ ಅಕ್ಟೋಬರ್ ೨೦೨೫

ಪೂಜ್ಯ ದೊಡ್ಡಪ್ಪನವರಿಗೆ ಯೋಗೀಶನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳಿ ಎಂದು ದೊಡ್ಡಮ್ಮ ಹೇಳಿದರೆ ಕೇಳುವವರಲ್ಲ ನೀವು, ನಾನು ಹೇಳಿದ್ದಕ್ಕಾದರೂ ಕೇಳಿ. ನಾವಿಲ್ಲಿ ಕ್ಷೇಮ. ಲೀಲಾಳಿಗೆ ನೆಗಡಿ, ಪ್ರಣತಿಗೆ ಪರೀಕ್ಷೆ. ನಮ್ಮ ಸಂಘದ ಧನಂಜಯ ಇಂದು ಸಂಜೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಪತ್ರ. ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀರಿ. ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಭಾನುವಾರದ ಕನ್ನಡ ಸಂಘದ ಚುನಾವಣೆಯಲ್ಲಿ ನಾನು ಗೆದ್ದದ್ದನ್ನು ಲೀಲಾ ಆಗಲೇ ಹೇಳಿದ್ದಾಳೆ. ರಾಜ್ಯೋತ್ಸವದ ದಿನ ಹೊಸ ಅಧ್ಯಕ್ಷನ ತಲೆಗೆಂದು ನೀವು ಮೈಸೂರು ಪೇಟ ಕಟ್ಟಿಸಲು ಹೊರಟಿದ್ದೀರಂತೆ, ಧನಂಜಯ ವಾಪಸು ಬರುವಾಗ ತರುತ್ತಾನಂತೆ. ನೀವು ಇಲ್ಲಿ ಅಧ್ಯಕ್ಷರಾಗಿದ್ದಾಗಲೂ ಇಂಥ ಪೈಪೋಟಿ ಇರಲಿಲ್ಲವೆಂದು ಹಳಬರು ಹೇಳುತ್ತಾರೆ. ಎದುರಿಗೆ ನಿಂತವರು ಕಾತ್ಯಾಯಿನಿ ಮೇಡಂ, ನಮ್ಮ ಮಕ್ಕಳಿಗೆಲ್ಲ ಅಆಇಈ ತಿದ್ದಿಸಿದವರು. ಯುಗಾದಿಗೆ ಕರೆದರೂ ಬಾರದವರು ಮೊಂಬಾಸಾ ರಸ್ತೆಯ ಟ್ರಾಫಿಕ್ಕಿನಲ್ಲಿ ಬಂದು ವೋಟು ಹಾಕಿದರು. ಗೆದ್ದದ್ದು ಒಂದೇ ಒಂದು ವೋಟಿನಿಂದ.

ನೀವು ಹಾಕಿಕೊಟ್ಟ ಪದ್ಧತಿಯನ್ನು ಎಲ್ಲರೂ ನೆನೆದರು. ನಿಂತವರು ತಮ್ಮ ವೋಟನ್ನು ಎದುರಾಳಿಗೇ ಹಾಕಬೇಕು, ಆಮೇಲೆ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಊಟಕ್ಕೆ ಪಕ್ಕದಲ್ಲೇ ಕೂತ ಕಾತ್ಯಾಯಿನಿ ಮೇಡಂ, ‘ನಾನಂತೂ ನಿಮಗೇ ಹಾಕ್ದೆ ಯೋಗೀಶ್. ನೀವೂ ನನಗೇ ಹಾಕಿರ್ತೀರ, ಗೊತ್ತು’ ಎಂದು, ಗೆದ್ದವರಿಗೆ ಇನ್ನೊಂದು ಹೋಳಿಗೆ ಹಾಕಿ ಎಂದು ಬಡಿಸುವವರನ್ನು ಕರೆದರು. ನಾನು ಹೌದೆಂದು ತಲೆಯಾಡಿಸಿದೆ. ಪ್ರಣತಿ, ‘ಸೋ ಸ್ವೀಟ್, ಅಪ್ಪಾ’ ಎಂದಳು. ಹೋಳಿಗೆಯನ್ನು ಅವಳ ಎಲೆಗೆ ದಾಟಿಸಿದೆ. ಅಂದಿನಿಂದ ಮಗಳ ಮುಖ ನೋಡುವುದಕ್ಕೂ ನಾಚಿಕೆಯಾಗುತ್ತಿದೆ.

ದೊಡ್ಡಮ್ಮನಿಗೆ ನಮಸ್ಕಾರ. ಲೀಲಾಳಿಗೂ ಪ್ರಣತಿಗೂ ನಿಮ್ಮ ಆಶೀರ್ವಾದವಿರಲಿ. ನನಗಾಗಿ ಕೇಳುವ ಮುಖ ಈ ಸಲ ಇಲ್ಲ.

ನಿಮ್ಮ ಮಗನಂಥ,
ಯೋಗೀಶ

ವಿ.ಸೂ.: ಧನಂಜಯ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ದೊಡ್ಡಪ್ಪ, ನಾನು ನನಗೇ ವೋಟು ಹಾಕಿಕೊಂಡೆ. ಅದು ಅವರಿಗೆ ಹೋಗಿದ್ದರೆ ಅವರೇ ಗೆಲ್ಲುತ್ತಿದ್ದರು. ನಿಮ್ಮ ಕುರ್ಚಿಯ ಮೇಲೆ ಆಸೆಯಿತ್ತು, ಯಾರೂ ನೋಡುತ್ತಿರಲಿಲ್ಲ. ಇವನನ್ನು ಕಳುಹಿಸಿ ನೇರವಾಗಿ ಹರ್ಲಿಂಗ್‌ಹ್ಯಾಮಿಗೆ, ಕಾತ್ಯಾಯಿನಿ ಮೇಡಂ ಮನೆಗೆ ಹೋಗಿ ಹೇಳಿಬಿಡುತ್ತೇನೆ. ಪೇಟವನ್ನು ನನ್ನ ಅಳತೆಗೆ ಕಟ್ಟಿಸಬೇಡಿ. ಅವರ ತಲೆ ನನ್ನದಕ್ಕಿಂತ ಚಿಕ್ಕದು.